ಕಾರಿನ ಚಕ್ರ ಮತ್ತು ಹೆಡ್‌ಲೈಟ್ ಬದಲಾವಣೆಯ ವ್ಯಾಪಾರ: ವರ್ತಕರು ಅರಿತಿರಬೇಕಾದ ಸಂಗತಿಗಳು

ಜೇವರ್ಗಿಯಿಂದ ಚಾಮರಾಜನಗರದವರೆಗೆ ಸಾಗುವ 150ಎ ರಾಷ್ಟ್ರೀಯ ಹೆದ್ದಾರಿಯು ನಮ್ಮ ಲಿಂಗಸುಗೂರು, ಮಸ್ಕಿ ಹಾಗೂ ಸಿಂಧನೂರು ಪಟ್ಟಣಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. ಭತ್ತದ ಲಾರಿ, ಟ್ರ್ಯಾಕ್ಟರ್, ಹಟ್ಟಿ ಚಿನ್ನದ ಗಣಿಯ ಕಡೆಗೆ ಸಾಗುವ ವಾಹನಗಳ ನಡುವೆ ಈಗ ಸ್ಕೋಡಾ ಹಾಗೂ ಫೋಕ್ಸ್‌ವ್ಯಾಗನ್ ಕಾರುಗಳೂ, ಅಲ್ಲೊಂದು ಇಲ್ಲೊಂದು ಬಿ.ಎಂ.ಡಬ್ಲ್ಯು. ಮತ್ತು ಮರ್ಸಿಡಿಸ್ ಕಾರುಗಳೂ ಈ ರಸ್ತೆಯಲ್ಲಿ ಕಾಣಸಿಗುತ್ತವೆ. ಇವುಗಳಲ್ಲಿ ಹಲವು ಬೆಂಗಳೂರು, ಹೈದರಾಬಾದುಗಳಿಂದ ಕೈ ಬದಲಾಗಿ ಬಂದ ಕಾರುಗಳು. ಕೊಂಡ ಮಾಲೀಕರು ಮೊದಲು ಬಯಸುವುದು ಎರಡನ್ನು: ದೊಡ್ಡ ಅಲಾಯ್ ಚಕ್ರ ಮತ್ತು ಬೆಳ್ಳಗೆ ಬೆಳಗುವ ಹೆಡ್‌ಲೈಟ್.

ಈ ಬೇಡಿಕೆಯನ್ನು ಕಂಡು, ಮೊದಲು ಸೀಟ್ ಕವರ್, ಟ್ರ್ಯಾಕ್ಟರ್ ಬಿಡಿಭಾಗ, ಟಯರು ಮಾರುತ್ತಿದ್ದ ನಮ್ಮ ಹಲವು ವರ್ತಕ ಬಂಧುಗಳು ಈ ವ್ಯಾಪಾರಕ್ಕೂ ಕೈಹಾಕಿದ್ದಾರೆ. ಇದು ಸ್ವಾಗತಾರ್ಹವೇ. ಆದರೆ ಈ ಮಾಲಿಗೂ ಸೀಟ್ ಕವರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಸೀಟ್ ಕವರ್ ಹರಿದರೆ ಗಿರಾಕಿ ಮುನಿಯುತ್ತಾನೆ; ಚಕ್ರ ಕಳಚಿದರೆ ಜೀವ ಹೋಗಬಹುದು. ಹಾಗಾಗಿ ಈ ವ್ಯಾಪಾರದಲ್ಲಿ ಬಿಲ್ಲು ಕೇವಲ ತೆರಿಗೆಯ ಕಾಗದವಲ್ಲ. ಅದು ವರ್ತಕನ ರಕ್ಷಣೆಯ ಮೊದಲ ಸಾಧನ. ಇದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಒಂದು ಪ್ರಕರಣ

ಕೆಲವು ಸಮಯದ ಹಿಂದೆ ನನ್ನ ಕಕ್ಷಿದಾರರಾದ ಒಬ್ಬ ವರ್ತಕರು ವಕೀಲರ ನೋಟಿಸೊಂದನ್ನು ಹಿಡಿದು ನನ್ನ ಕಚೇರಿಗೆ ಬಂದರು. ಅವರ ಅನುಮತಿ ಪಡೆದು, ಹೆಸರು ಮತ್ತು ಊರನ್ನು ಬಿಟ್ಟು ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ಒಂದು ಹಳೆಯ ಸ್ಕೋಡಾ ಲಾರಾ ಕಾರಿಗೆ ನಾಲ್ಕು ಅಲಾಯ್ ಚಕ್ರಗಳನ್ನು ರೂ. 40,000ಕ್ಕೆ ಮಾರಿ, ತಮ್ಮ ಅಂಗಡಿಯಲ್ಲಿಯೇ ಜೋಡಿಸಿ ಕೊಟ್ಟಿದ್ದರು. ಚಕ್ರಗಳ ಮೇಲೆ ತಯಾರಕರ ಹೆಸರಿರಲಿಲ್ಲ. ಮಹಾನಗರವೊಂದರ ಸಗಟು ವ್ಯಾಪಾರಿಯಿಂದ ರೂ. 32,000ಕ್ಕೆ ಬಿಲ್ಲಿಲ್ಲದೆ ತರಿಸಿದ ಮಾಲು ಅದು, ಮಾರಿದ್ದೂ ಬಿಲ್ಲಿಲ್ಲದೆ. ಹನ್ನೆರಡು ದಿನಗಳ ತರುವಾಯ ಮಸ್ಕಿ ಮತ್ತು ಲಿಂಗಸುಗೂರು ನಡುವೆ ರಾತ್ರಿಯ ವೇಳೆ ಮುಂದಿನ ಎಡಚಕ್ರ ಕಳಚಿ ಕಾರು ಹೊಲಕ್ಕೆ ಇಳಿಯಿತು. ದೈವಕೃಪೆಯಿಂದ ಪ್ರಾಣಹಾನಿ ಆಗಲಿಲ್ಲ. ಮಾಲೀಕರ ತೋಳಿನ ಮೂಳೆ ಮುರಿಯಿತು. ವಿಮಾ ಕಂಪನಿಯು ಬದಲಾಯಿಸಿದ ಚಕ್ರಗಳ ಬಗ್ಗೆ ಆಕ್ಷೇಪ ಎತ್ತಿತು. ಮಾಲೀಕರು ನಷ್ಟ ತುಂಬಿಕೊಡುವಂತೆ ವರ್ತಕರಿಗೆ ನೋಟಿಸು ಕೊಡಿಸಿದರು.

"ಸಾಹೇಬರೇ, ನಾನು ಬಿಲ್ಲೇ ಬರೆದಿಲ್ಲವಲ್ಲ, ಮಾಲು ನನ್ನ ಅಂಗಡಿಯದೆನ್ನಲು ಅವರಲ್ಲಿ ಸಾಕ್ಷಿ ಎಲ್ಲಿದೆ?" ಎಂಬುದು ಅವರ ಮೊದಲ ಪ್ರಶ್ನೆಯಾಗಿತ್ತು. ಸಾಕ್ಷಿ ಇತ್ತು. ಹಣ ಫೋನಿನ ಮೂಲಕ ಅವರ ಬ್ಯಾಂಕ್ ಖಾತೆಗೇ ಬಂದಿತ್ತು. ಚಕ್ರ ಜೋಡಿಸಿದ ಬಳಿಕ ಅಂಗಡಿಯ ಮುಂದೆ ನಿಲ್ಲಿಸಿ ತೆಗೆದ ಕಾರಿನ ಚಿತ್ರವನ್ನು ಅವರೇ ಗಿರಾಕಿಗೆ ಕಳಿಸಿದ್ದರು. ಬಿಲ್ಲು ಇಲ್ಲದಿದ್ದುದು ಗಿರಾಕಿಯ ಸಾಕ್ಷಿಯನ್ನು ಕಿತ್ತುಕೊಳ್ಳಲಿಲ್ಲ. ಬದಲಾಗಿ, ಮಾಲನ್ನು ಯಾರಿಂದ ತಂದೆನೆಂದು ಹೇಳಲು ವರ್ತಕರ ಬಳಿಯೇ ಸಾಕ್ಷಿ ಇಲ್ಲದಂತಾಯಿತು. ಸಗಟು ವ್ಯಾಪಾರಿ "ನಿಮಗೆ ನಾನು ಮಾಲು ಕೊಟ್ಟೇ ಇಲ್ಲ" ಎಂದುಬಿಟ್ಟ. ಕೊನೆಗೆ ಹಿರಿಯರ ಮಧ್ಯಸ್ಥಿಕೆಯಲ್ಲಿ ರೂ. 1,80,000 ಕೊಟ್ಟು ರಾಜಿಯಾಯಿತು. ಆ ಮಾರಾಟದಲ್ಲಿ ಅವರಿಗೆ ಉಳಿದಿದ್ದ ಲಾಭ ರೂ. 8,000.

ಈ ಪ್ರಕರಣದಲ್ಲಿ ತಪ್ಪಿದ್ದು ಎಲ್ಲಿ ಎಂಬುದನ್ನು ಮೊದಲು ತಾಂತ್ರಿಕವಾಗಿ, ಬಳಿಕ ಕಾನೂನು ಹಾಗೂ ತೆರಿಗೆಯ ದೃಷ್ಟಿಯಿಂದ ನೋಡೋಣ.

ಐದು ರಂಧ್ರಗಳಿದ್ದ ಮಾತ್ರಕ್ಕೆ ಚಕ್ರ ಹೊಂದುವುದಿಲ್ಲ

ಚಕ್ರದ ಬೋಲ್ಟು ರಂಧ್ರಗಳ ಮಧ್ಯಬಿಂದುಗಳ ಮೂಲಕ ಹಾಯುವ ವೃತ್ತದ ವ್ಯಾಸವನ್ನು ಪಿ.ಸಿ.ಡಿ. ಎನ್ನುತ್ತಾರೆ. ಲಾರಾ, ಸೂಪರ್ಬ್, ಜೆಟ್ಟಾ ಕಾರುಗಳಲ್ಲಿ ಐದು ರಂಧ್ರ, 112 ಮಿಲಿಮೀಟರ್. ನಮ್ಮಲ್ಲಿ ಹೆಚ್ಚಾಗಿ ಓಡುವ ಇನ್ನೋವಾ, ಕ್ರೆಟಾ ಕಾರುಗಳಲ್ಲಿಯೂ ಐದು ರಂಧ್ರಗಳೇ. ಆದರೆ ಅಳತೆ 114.3 ಮಿಲಿಮೀಟರ್. ಐದು ರಂಧ್ರದ ಚಕ್ರದಲ್ಲಿ ಪಕ್ಕಪಕ್ಕದ ಎರಡು ರಂಧ್ರಗಳ ಮಧ್ಯದಿಂದ ಮಧ್ಯಕ್ಕೆ ಇರುವ ದೂರವನ್ನು 1.701ರಿಂದ ಗುಣಿಸಿದರೆ ಪಿ.ಸಿ.ಡಿ. ದೊರೆಯುತ್ತದೆ. ಅದರಂತೆ 112ರ ಚಕ್ರದಲ್ಲಿ ಈ ದೂರ ಸುಮಾರು 65.8, 114.3ರ ಚಕ್ರದಲ್ಲಿ ಸುಮಾರು 67.2 ಮಿಲಿಮೀಟರ್. ವ್ಯತ್ಯಾಸ ಒಂದೂವರೆ ಮಿಲಿಮೀಟರಿಗಿಂತಲೂ ಕಡಿಮೆ. ಕಣ್ಣಿಗೆ ಇದು ಕಾಣುವುದಿಲ್ಲ; ಬಲ ಹಾಕಿ ತಿರುಗಿಸಿದರೆ ಬೋಲ್ಟು ಕೂರುತ್ತದೆ ಕೂಡ. ಆದರೆ ಹಾಗೆ ಕೂತ ಬೋಲ್ಟು ಓರೆಯಾಗಿ ಎಳೆಯಲ್ಪಟ್ಟು, ಓಡುವಾಗಿನ ಅದುರಿಗೆ ದಿನೇದಿನೇ ಸಡಿಲಗೊಳ್ಳುತ್ತದೆ.

ಮಾದರಿಯ ಹೆಸರೊಂದನ್ನೇ ನಂಬುವುದೂ ಸಲ್ಲದು. ಭಾರತದಲ್ಲಿ 2001ರಲ್ಲಿ ಬಂದ ಮೊದಲ ಆಕ್ಟೇವಿಯಾ ಕಾರಿನ ಪಿ.ಸಿ.ಡಿ. 100, 2013ರಲ್ಲಿ ಬಂದ ಆಕ್ಟೇವಿಯಾದ್ದು 112. ಬಿ.ಎಂ.ಡಬ್ಲ್ಯು. 3 ಸೀರೀಸ್ ಕಾರಿನಲ್ಲಿ 2019ಕ್ಕೆ ಹಿಂದಿನ ಪೀಳಿಗೆಯದು 120, ಆನಂತರದ ಪೀಳಿಗೆಯದು 112. ಕುಶಾಕ್, ಟೈಗುನ್‌ಗಳದು 100. ಆದುದರಿಂದ ಗಿರಾಕಿ ಹೇಳಿದ ಹೆಸರನ್ನಲ್ಲ, ತಯಾರಿಕೆಯ ವರ್ಷವನ್ನೂ ಅಳತೆಯನ್ನೂ ನೋಡಬೇಕು.

ಎರಡನೆಯದು ನಡುವಿನ ರಂಧ್ರ. ಸ್ಕೋಡಾ, ಫೋಕ್ಸ್‌ವ್ಯಾಗನ್ ಕಾರುಗಳ ಹಬ್ಬಿಗೆ ಹೊಂದುವ ರಂಧ್ರ 57.1 ಮಿಲಿಮೀಟರ್. ಹಲವು ಕಾರುಗಳಿಗೆ ಹೊಂದಲೆಂದು ಮಾಡಿದ ಚಕ್ರಗಳಲ್ಲಿ ಈ ರಂಧ್ರ ದೊಡ್ಡದಿರುತ್ತದೆ. ಆಗ ನಡುವಿನ ಸಂದಿಯನ್ನು ತುಂಬುವ ಹಬ್ ರಿಂಗನ್ನು ಹಾಕಲೇಬೇಕು. ಹಾಕದಿದ್ದರೆ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ. ಗಿರಾಕಿ ಬ್ಯಾಲೆನ್ಸಿಂಗ್ ಸರಿಯಿಲ್ಲವೆಂದು ಪದೇಪದೇ ಬರುತ್ತಾನೆ.

ಮೂರನೆಯದೇ ಅತಿ ಮುಖ್ಯವಾದದ್ದು. ನಮ್ಮ ಫಿಟ್ಟರುಗಳಿಗೆ ಪರಿಚಿತವಾದ ಜಪಾನ್, ಕೊರಿಯಾ ಮೂಲದ ಕಾರುಗಳಲ್ಲಿ ಹಬ್ಬಿನಿಂದ ಹೊರಚಾಚಿದ ಸ್ಟಡ್ಡಿಗೆ ನಟ್ಟು ಬಿಗಿಯುವ ಪದ್ಧತಿ. ಸ್ಕೋಡಾ, ಫೋಕ್ಸ್‌ವ್ಯಾಗನ್, ಔಡಿ, ಬಿ.ಎಂ.ಡಬ್ಲ್ಯು., ಮರ್ಸಿಡಿಸ್‌ಗಳಲ್ಲಿ ಬೋಲ್ಟನ್ನೇ ಹಬ್ಬಿನೊಳಗೆ ತಿರುಗಿಸಬೇಕು. ಫೋಕ್ಸ್‌ವ್ಯಾಗನ್ ಸಮೂಹದ ಹಾಗೂ ಮರ್ಸಿಡಿಸ್ ಕಾರುಗಳ ಮೂಲ ಬೋಲ್ಟಿನ ತಲೆಯ ಕೆಳಭಾಗ ಚೆಂಡಿನಂತೆ ದುಂಡಗಿರುತ್ತದೆ. ಹೊರಗೆ ಸಿಗುವ ಹೆಚ್ಚಿನ ಅಲಾಯ್ ಚಕ್ರಗಳಲ್ಲಿ ಬೋಲ್ಟು ಕೂರುವ ಜಾಗ ಶಂಕುವಿನಂತೆ ಇಳಿಜಾರಾಗಿರುತ್ತದೆ. ದುಂಡು ತಲೆಯ ಬೋಲ್ಟನ್ನು ಇಳಿಜಾರಿನ ಜಾಗಕ್ಕೆ ಬಿಗಿದರೆ ಅವೆರಡೂ ತೆಳುವಾದ ಗೆರೆಯೊಂದರಲ್ಲಿ ಮಾತ್ರ ತಾಗುತ್ತವೆ. ಎಷ್ಟೇ ಬಿಗಿ ಮಾಡಿದರೂ ಹಿಡಿತ ನಿಲ್ಲುವುದಿಲ್ಲ. ಮೇಲಿನ ಪ್ರಕರಣದಲ್ಲಿ ಆದದ್ದು ಇದೇ. ಚಕ್ರ 114.3ರದು, ಬಿಗಿದ ಬೋಲ್ಟು ಕಾರಿನ ಹಳೆಯ ದುಂಡು ಬೋಲ್ಟು. ಎರಡು ತಪ್ಪುಗಳು ಒಟ್ಟಿಗೇ ಸೇರಿದ್ದವು.

ಸರಿಯಾದ ಬೋಲ್ಟನ್ನೂ ಪಾನಾದ ಮೇಲೆ ಕಾಲಿಟ್ಟು ತುಳಿದು ಬಿಗಿಯಬಾರದು. ಈ ಸಮೂಹದ 14 ಮಿಲಿಮೀಟರ್ ಬೋಲ್ಟಿಗೆ ನಿಗದಿಯಾದ ಬಿಗಿತ ಸಾಮಾನ್ಯವಾಗಿ 120 ನ್ಯೂಟನ್ ಮೀಟರ್. ಇದಕ್ಕೆ ಟಾರ್ಕ್ ರೆಂಚ್ ಬೇಕು. ಹೊಸ ಚಕ್ರ ಹಾಕಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬಿಗಿತ ಪರೀಕ್ಷಿಸುವುದು ರೂಢಿಯಲ್ಲಿರಬೇಕಾದ ಕ್ರಮ.

ಚಕ್ರದ ಗಾತ್ರ ಮತ್ತು ಹೊರುವ ಭಾರ

ರಿಮ್ ದೊಡ್ಡದಾದಷ್ಟೂ ಟಯರಿನ ಗೋಡೆ ಚಿಕ್ಕದಾಗಬೇಕು. ಇಲ್ಲವಾದರೆ ಚಕ್ರದ ಒಟ್ಟು ಎತ್ತರ ಹೆಚ್ಚಿ ಸ್ಪೀಡೋಮೀಟರ್ ಲೆಕ್ಕ ತಪ್ಪುತ್ತದೆ. ಉದಾಹರಣೆಗೆ 185/60 ಆರ್ 15 ಟಯರಿನ ಒಟ್ಟು ವ್ಯಾಸ 603 ಮಿಲಿಮೀಟರ್. 16 ಇಂಚಿಗೆ ಹೋಗುವಾಗ 195/50 ಹಾಕಿದರೆ ವ್ಯಾಸ 601.4, ವ್ಯತ್ಯಾಸ ಅತ್ಯಲ್ಪ. ಅದೇ 195/55 ಹಾಕಿದರೆ 620.9; ಶೇ. 3ರಷ್ಟು ಹೆಚ್ಚು. ಆದರೆ ಲೆಕ್ಕ ಸರಿಹೊಂದಿದ 195/50ರಲ್ಲಿಯೂ ಟಯರಿನ ಗೋಡೆ 111ರಿಂದ 97.5 ಮಿಲಿಮೀಟರಿಗೆ ಇಳಿಯುತ್ತದೆ. ಕಾಲುವೆ ಬದಿಯ ರಸ್ತೆಗಳ ತಗ್ಗುಗಳಲ್ಲಿ ಓಡುವ ಕಾರಿಗೆ ಕಡಿಮೆಯಾದ ಈ ಗೋಡೆಯೇ ರಿಮ್ ಸೀಳುವುದಕ್ಕೆ ಕಾರಣವಾಗಬಹುದು. ಇದನ್ನು ಗಿರಾಕಿಗೆ ಮೊದಲೇ ತಿಳಿಸಿ ಹೇಳುವುದು ವರ್ತಕ ಧರ್ಮ. ಆ ಮಾದರಿಯ ಮೇಲ್ದರ್ಜೆಯ ಕಾರಿಗೆ ಕಂಪನಿಯೇ ಕೊಡುವ ಗಾತ್ರವನ್ನು ಮೀರದಿರುವುದು ಕ್ಷೇಮ. ಅದು ಕಾರಿನ ಕೈಪಿಡಿಯಲ್ಲಿ ಮುದ್ರಿತವಾಗಿರುತ್ತದೆ.

ಚಕ್ರದ ಒಳಭಾಗದಲ್ಲಿ ಗಾತ್ರದೊಡನೆ ಇ.ಟಿ. ಎಂಬ ಅಂಕಿಯೂ ಹೊರಬಲ್ಲ ಗರಿಷ್ಠ ಭಾರವೂ ಅಚ್ಚಾಗಿರಬೇಕು. ಇ.ಟಿ. ಎಂಬುದು ಚಕ್ರದ ನಡುಗೆರೆಯಿಂದ ಹಬ್ಬಿಗೆ ತಾಗುವ ಮುಖಕ್ಕಿರುವ ದೂರ. ಅದು ಮೂಲ ಅಂಕಿಗಿಂತ ಬಹಳ ಕಡಿಮೆಯಾದರೆ ಚಕ್ರ ಮಡ್‌ಗಾರ್ಡಿನಿಂದ ಹೊರಚಾಚಿ ಬೇರಿಂಗಿನ ಮೇಲೆ ಭಾರ ಹೆಚ್ಚುತ್ತದೆ. ಹೊರುವ ಭಾರದ ಲೆಕ್ಕ ಸರಳ. ಕಾರಿನ ಮುಂದಿನ ಅಚ್ಚಿನ ಅನುಮತಿತ ಭಾರ 900 ಕಿಲೋ ಇದ್ದರೆ ಪ್ರತಿ ಚಕ್ರ ಕನಿಷ್ಠ 450 ಕಿಲೋ ಹೊರಬೇಕು. ಈ ಅಂಕಿಯೇ ಇಲ್ಲದ ಚಕ್ರವನ್ನು ಖರೀದಿಸುವುದೇ ಬೇಡ.

ಈ ಕಾರುಗಳಲ್ಲಿ ಹಲವುಗಳ ತವರಾದ ಜರ್ಮನಿಯಲ್ಲಿ ನಿಯಮ ಇನ್ನೂ ಬಿಗಿ. ಅಲ್ಲಿ ಹೊರಗಿನ ತಯಾರಕರ ಚಕ್ರಗಳು ಅಲ್ಲಿನ ಮೋಟಾರು ಸಾರಿಗೆ ಪ್ರಾಧಿಕಾರದ ಕೆ.ಬಿ.ಎ. ಸಂಖ್ಯೆಯೊಡನೆ ಬರುತ್ತವೆ, ಯಾವ ಮಾದರಿಯ ಕಾರಿಗೆ ಹೊಂದುತ್ತದೆ ಎಂಬ ಪಟ್ಟಿ ಪ್ರಮಾಣಪತ್ರದಲ್ಲಿರುತ್ತದೆ. ಅನುಮತಿಯಿಲ್ಲದೆ ಅಪಾಯಕಾರಿ ಬದಲಾವಣೆ ಮಾಡಿದರೆ ವಾಹನದ ಓಡಾಟದ ಪರವಾನಗಿಯೇ ರದ್ದಾಗುತ್ತದೆ. ಜಪಾನಿನ ಚಕ್ರಗಳಲ್ಲಿ ಜೆ.ಡಬ್ಲ್ಯು.ಎಲ್. ಎಂಬ ಗುರುತಿರುತ್ತದೆ. ಇಂತಹ ಗುರುತುಗಳನ್ನು ಓದಲು ಕಲಿಯುವುದು ನಮ್ಮ ಖರೀದಿಯ ಮೊದಲ ಪಾಠವಾಗಲಿ.

ಹೆಡ್‌ಲೈಟ್: ಬೆಳಕು ಹೆಚ್ಚಿದರೆ ಸಾಲದು, ಬೀಳಬೇಕಾದಲ್ಲಿ ಬೀಳಬೇಕು

ಹ್ಯಾಲೊಜನ್ ಬಲ್ಬಿನ ಹೆಡ್‌ಲೈಟಿನಲ್ಲಿ ಪ್ರತಿಫಲಕದ ಬಾಗು ಆ ಬಲ್ಬಿನ ತಂತಿ ಇರುವ ಜಾಗಕ್ಕೆ ಲೆಕ್ಕಹಾಕಿ ಮಾಡಿದ್ದು. ಅದೇ ಜಾಗಕ್ಕೆ ಎಲ್.ಇ.ಡಿ. ಅಥವಾ ಎಚ್.ಐ.ಡಿ. ಬಲ್ಬನ್ನು ತುರುಕಿದರೆ ಬೆಳಕು ಹುಟ್ಟುವ ಬಿಂದು ಕೊಂಚ ಸರಿಯುತ್ತದೆ. ಡಿಪ್ ಮಾಡಿದಾಗಲೂ ಬೆಳಕು ಮೇಲಕ್ಕೆ ಚೆಲ್ಲಿ ಎದುರು ಬರುವವರ ಕಣ್ಣು ಕುಕ್ಕುತ್ತದೆ. ಸುಗ್ಗಿಯ ಕಾಲದಲ್ಲಿ ಹಿಂಬದಿ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳೂ ಎತ್ತಿನ ಬಂಡಿಗಳೂ ಇರುಳಲ್ಲಿ ಸಾಗುವ ನಮ್ಮ ರಸ್ತೆಗಳಲ್ಲಿ ಕ್ಷಣಕಾಲದ ಕುರುಡೂ ಅನಾಹುತಕ್ಕೆ ಸಾಕು. ಜರ್ಮನಿಯಲ್ಲಿ ಓಸ್ರಾಮ್ ಕಂಪನಿಯ ಎಲ್.ಇ.ಡಿ. ಬದಲಿ ಬಲ್ಬಿಗೆ ರಸ್ತೆ ಬಳಕೆಯ ಅನುಮತಿ ಸಿಕ್ಕಿದ್ದು 2020ರಲ್ಲಿ. ಅದೂ ಪಟ್ಟಿಯಲ್ಲಿರುವ ಕಾರುಗಳಿಗೆ ಮಾತ್ರ.

ಹೆಚ್ಚಿನ ವ್ಯಾಟಿನ ಬಲ್ಬಿನಲ್ಲಿ ಬೇರೆ ತೊಂದರೆ ಇದೆ. ಎಚ್4 ಬಲ್ಬಿನ ಮಾನಕ ಸಾಮರ್ಥ್ಯ 60/55 ವ್ಯಾಟ್. ಅಂಗಡಿಗಳಲ್ಲಿ ಸಿಗುವ 100/90 ವ್ಯಾಟಿನ ಬಲ್ಬು ಹಾಕಿದರೆ 12 ವೋಲ್ಟಿನಲ್ಲಿ ಒಂದು ಬಲ್ಬು ಎಳೆಯುವ ವಿದ್ಯುತ್ತು 5 ಆಂಪಿಯರಿನಿಂದ ಸುಮಾರು 8.3 ಆಂಪಿಯರಿಗೆ ಏರುತ್ತದೆ. ವೈರು, ಸ್ವಿಚ್ಚು, ಹೋಲ್ಡರುಗಳು ಬಿಸಿಯಾಗುತ್ತವೆ, ಪ್ರತಿಫಲಕ ಮಂಕಾಗುತ್ತದೆ. ಇದಲ್ಲದೆ ಯುರೋಪಿನ ಅನೇಕ ಕಾರುಗಳ ಕಂಪ್ಯೂಟರು ಬಲ್ಬು ಎಷ್ಟು ವಿದ್ಯುತ್ತು ಎಳೆಯುತ್ತಿದೆ ಎಂಬುದನ್ನು ಗಮನಿಸುತ್ತಿರುತ್ತದೆ. ಕಡಿಮೆ ಎಳೆಯುವ ಎಲ್.ಇ.ಡಿ. ಹಾಕಿದರೆ ಬಲ್ಬು ಸುಟ್ಟಿದೆ ಎಂಬ ಸೂಚನೆ ಡ್ಯಾಶ್‌ಬೋರ್ಡಿನಲ್ಲಿ ಮೂಡುತ್ತದೆ.

ವಿದೇಶದಿಂದ ಬಂದ ಬಳಸಿದ ಹೆಡ್‌ಲೈಟ್ ಜೋಡಿಗಳನ್ನು ಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು. ಜರ್ಮನಿ, ಫ್ರಾನ್ಸ್‌ಗಳಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಓಡುತ್ತವೆ. ಅಲ್ಲಿನ ದೀಪಗಳ ಡಿಪ್ ಬೆಳಕು ಬಲಬದಿಗೆ ಮೇಲೇರುತ್ತದೆ. ನಮ್ಮಲ್ಲಿ ಬಲಬದಿಯಿಂದಲೇ ಎದುರಿನ ವಾಹನ ಬರುವುದರಿಂದ ಆ ದೀಪ ನೇರವಾಗಿ ಅವರ ಕಣ್ಣಿಗೆ ಬೀಳುತ್ತದೆ. ಬ್ರಿಟನ್ನಿನ ಕಾರುಗಳ ದೀಪ ನಮಗೆ ಹೊಂದುತ್ತದೆ. ಯುರೋಪಿನ ಹೆಡ್‌ಲೈಟಿನ ಗಾಜಿನ ಮೇಲೆ ವೃತ್ತದೊಳಗೆ ಇ ಅಕ್ಷರವೂ ಅನುಮತಿ ಕೊಟ್ಟ ದೇಶದ ಸಂಖ್ಯೆಯೂ ಇರುತ್ತವೆ. ದೀಪದ ಎದುರು ನಿಂತು ನೋಡುವವರ ಬಲಕ್ಕೆ ತೋರುವ ಬಾಣವಿದ್ದರೆ ಅದು ಎಡಬದಿ ಸಂಚಾರದ ದೇಶಗಳದು, ಎಂದರೆ ನಮಗೆ ಹೊಂದುವಂಥದು. ಎರಡೂ ಕಡೆ ಮೊನೆಯಿರುವ ಬಾಣವಿದ್ದರೆ ಎರಡಕ್ಕೂ ಹೊಂದಿಸಬಹುದು. ಬಾಣವೇ ಇಲ್ಲದಿದ್ದರೆ ಬಲಬದಿ ಸಂಚಾರದ ದೇಶಗಳದು. ಇಷ್ಟು ನೋಡಲು ಯಾವ ಯಂತ್ರವೂ ಬೇಡ.

ದೀಪದ ಓರೆಯನ್ನು ಪರೀಕ್ಷಿಸಲೂ ಸರಳ ವಿಧಾನವಿದೆ. ಯುರೋಪಿನ ಕಾರುಗಳ ದೀಪದ ಬಳಿ ಅಥವಾ ಬಾನೆಟ್ಟಿನಡಿ ಶೇ. 1.0 ಅಥವಾ 1.2 ಎಂಬಂತೆ ಓರೆಯ ಅಂಕಿ ಬರೆದಿರುತ್ತದೆ. ಶೇ. 1 ಎಂದರೆ 5 ಮೀಟರ್ ದೂರದ ಗೋಡೆಯ ಮೇಲೆ ಡಿಪ್ ಬೆಳಕಿನ ಮೇಲಂಚು ದೀಪದ ನಡುವಿನ ಎತ್ತರಕ್ಕಿಂತ 5 ಸೆಂಟಿಮೀಟರ್ ಕೆಳಗಿರಬೇಕು. ಸಮತಟ್ಟಾದ ನೆಲ ಮತ್ತು ಸುಣ್ಣ ಬಳಿದ ಗೋಡೆ ಇದ್ದರೆ ಸಾಕು.

ಮೋಟಾರು ವಾಹನ ಕಾನೂನು

ಮೋಟಾರು ವಾಹನಗಳ ಕಾಯಿದೆ 1988ರ 52ನೇ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿ 9ರಂದು ಸರ್ವೋಚ್ಚ ನ್ಯಾಯಾಲಯವು ಕೇರಳದ ಪ್ರಕರಣವೊಂದರಲ್ಲಿ ಈ ನಿಷೇಧವನ್ನು ಎತ್ತಿಹಿಡಿಯಿತು. ಅದೇ ಕಲಮಿನ ವಿವರಣೆಯಂತೆ, ವಾಹನದ ಮೂಲ ಲಕ್ಷಣವನ್ನು ಬದಲಿಸುವ ರಚನಾ ವ್ಯತ್ಯಾಸವೇ ಮಾರ್ಪಾಡು. ಆದುದರಿಂದ ಅದೇ ಗಾತ್ರದ, ಮಾನದಂಡಕ್ಕೊಪ್ಪುವ ಚಕ್ರವನ್ನು ಹಾಕುವುದಕ್ಕೂ, ಮಡ್‌ಗಾರ್ಡ್ ಕತ್ತರಿಸಿ ಹೊರಚಾಚುವ ಚಕ್ರ ಹಾಕುವುದಕ್ಕೂ ಅಂತರವಿದೆ.

2019ರ ತಿದ್ದುಪಡಿಯಿಂದ ಸೇರಿದ 182ಎ ಕಲಮನ್ನು ಪ್ರತಿಯೊಬ್ಬ ವರ್ತಕರೂ ಓದಬೇಕು. ಅನುಮತಿಯಿಲ್ಲದ ರೀತಿಯಲ್ಲಿ ಬಿಡಿಭಾಗ ಜೋಡಿಸಿ ವಾಹನ ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಸಜೆ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ, ಇಲ್ಲವೇ ಎರಡೂ. ನಿರ್ಣಾಯಕ ಸುರಕ್ಷತಾ ಬಿಡಿಭಾಗವೆಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ವಸ್ತುವನ್ನು ನಿಯಮಕ್ಕೆ ವಿರುದ್ಧವಾಗಿ ಮಾರಿದವರಿಗೆ, ಮಾರಲು ಇಟ್ಟವರಿಗೂ ಸಹ, ಒಂದು ವರ್ಷದವರೆಗೆ ಸಜೆ ಅಥವಾ ಪ್ರತಿ ಬಿಡಿಭಾಗಕ್ಕೆ ರೂ. 1 ಲಕ್ಷ ದಂಡ, ಇಲ್ಲವೇ ಎರಡೂ. ಮಾಲೀಕರಿಗಿಂತ ಮಾರುವವರ ಹೊಣೆ ಹೆಚ್ಚೆಂಬುದು ಇದರಿಂದ ಸ್ಪಷ್ಟ.

ದೀಪಗಳ ಬಗ್ಗೆ ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 106ನೇ ನಿಯಮವಿದೆ. ವಾಹನದ ಮುಂದೆ 8 ಮೀಟರ್ ದೂರದಲ್ಲಿ, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಯ ಕಣ್ಣು ಕುಕ್ಕದಂತೆ ಬೆಳಕು ಕೆಳಕ್ಕೆ ಬಾಗಿರಬೇಕೆಂಬುದು ಅದರ ಸಾರ. ರಾಜ್ಯದಲ್ಲಿ 2024ರ ಜುಲೈಯಿಂದ ಕಣ್ಣು ಕುಕ್ಕುವ ದೀಪಗಳ ವಿರುದ್ಧ ಪೊಲೀಸರು ವಿಶೇಷ ಕಾರ್ಯಾಚರಣೆ ನಡೆಸಿದ್ದನ್ನು ಓದುಗರು ಬಲ್ಲರು.

ತಯಾರಕ ಸಿಗದಿದ್ದರೆ ಹೊಣೆ ವರ್ತಕನದೇ

2020ರ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯಿದೆ 2019ರಲ್ಲಿ ಉತ್ಪನ್ನ ಹೊಣೆಗಾರಿಕೆ ಎಂಬ ಹೊಸ ಅಧ್ಯಾಯವಿದೆ. ಸಾಮಾನ್ಯವಾಗಿ ದೋಷಯುಕ್ತ ಮಾಲಿನಿಂದಾದ ಹಾನಿಗೆ ತಯಾರಕರೇ ಹೊಣೆ. ಆದರೆ 86ನೇ ಕಲಮಿನ ಪ್ರಕಾರ ಕೆಲವು ಸಂದರ್ಭಗಳಲ್ಲಿ ಮಾರಾಟಗಾರರೂ ಹೊಣೆಯಾಗುತ್ತಾರೆ: ಮಾಲನ್ನು ಮಾರ್ಪಡಿಸಿ ಅದರಿಂದಲೇ ಹಾನಿಯಾಗಿದ್ದರೆ, ತಯಾರಕರು ಕೊಡದ ಭರವಸೆಯನ್ನು ತಾವೇ ಕೊಟ್ಟಿದ್ದರೆ, ಜೋಡಿಸುವಾಗ, ಪರೀಕ್ಷಿಸುವಾಗ ತಕ್ಕ ಎಚ್ಚರ ವಹಿಸದಿದ್ದರೆ, ತಯಾರಕರು ಯಾರೆಂದೇ ತಿಳಿಯದಿದ್ದರೆ, ಅಥವಾ ತಿಳಿದರೂ ಅವರಿಗೆ ನೋಟಿಸು ಮುಟ್ಟಿಸಲಾಗದಿದ್ದರೆ.

ಈ ಕೊನೆಯ ಅಂಶವನ್ನು ಎರಡು ಬಾರಿ ಓದಬೇಕೆಂದು ಕೋರುತ್ತೇನೆ. ಹೆಸರಿಲ್ಲದ, ಬಿಲ್ಲಿಲ್ಲದ ಚಕ್ರವನ್ನು ಮಾರಿದ ಕ್ಷಣದಲ್ಲಿ ಆ ಚಕ್ರವನ್ನು ಎರಕ ಹೊಯ್ದವನ ಹೊಣೆಯೂ ನಮ್ಮ ಹೆಗಲಿಗೇ ಬರುತ್ತದೆ. ಪಕ್ಕಾ ಬಿಲ್ಲು ಇದ್ದರೆ ಸಗಟು ವ್ಯಾಪಾರಿಯನ್ನೂ ತಯಾರಕರನ್ನೂ ಆಯೋಗದ ಮುಂದೆ ನಿಲ್ಲಿಸಬಹುದು. ದೂರು ಸಲ್ಲಿಸಲು ಗಿರಾಕಿಗೆ ಎರಡು ವರ್ಷಗಳ ಅವಧಿಯಿದೆ. ಅಲ್ಲಿಯವರೆಗಾದರೂ ನಮ್ಮ ದಾಖಲೆ ನಮ್ಮ ಕೈಯಲ್ಲಿರಬೇಕು. ಜಿ.ಎಸ್.ಟಿ. ಕಾನೂನಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ಸ್ ಸಲ್ಲಿಸಲು ನಿಗದಿಯಾದ ದಿನದಿಂದ 72 ತಿಂಗಳು ಕಾಯ್ದಿಡಬೇಕು.

ಜಿ.ಎಸ್.ಟಿ. ವಿಚಾರ

ಬಿಲ್ಲು ಬರೆಯದಿರುವುದಕ್ಕೆ ವರ್ತಕರು ಕೊಡುತ್ತಿದ್ದ ಮುಖ್ಯ ಕಾರಣ ತೆರಿಗೆಯ ಭಾರ. 2017ರ ಜುಲೈ 1ರಿಂದ ಕಾರಿನ ಚಕ್ರಗಳ ಮೇಲೆ ಶೇ. 28 ತೆರಿಗೆ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 18ಕ್ಕೆ ಇಳಿದಿದೆ. ರೂ. 40,000 ಮೌಲ್ಯದ ನಾಲ್ಕು ಚಕ್ರಗಳಿಗೆ ಮೊದಲು ರೂ. 11,200 ತೆರಿಗೆಯಾಗುತ್ತಿತ್ತು, ಈಗ ರೂ. 7,200. ಟ್ರ್ಯಾಕ್ಟರಿನ ಹಿಂಬದಿ ಚಕ್ರದ ರಿಮ್ಮಿನ ದರ ಅದೇ ದಿನದಿಂದ ಶೇ. 5 ಆಗಿರುವುದರಿಂದ ಎರಡನ್ನೂ ಮಾರುವವರು ಬಿಲ್ಲಿನಲ್ಲಿ ಬೆರೆಸಬಾರದು. ಶೇ. 28ರ ದರದಲ್ಲಿ ಖರೀದಿಸಿದ ಹಳೆಯ ದಾಸ್ತಾನಿನ ಇನ್‌ಪುಟ್ ಕ್ರೆಡಿಟ್ ಖಾತೆಯಲ್ಲಿಯೇ ಉಳಿಯುತ್ತದೆ. ಮುಂದಿನ ತೆರಿಗೆಗೆ ಬಳಸಬಹುದು. ಆದರೆ ದರ ಇಳಿದ ಕಾರಣಕ್ಕೆ ಅದನ್ನು ನಗದಾಗಿ ಮರಳಿ ಕೇಳಲು ಬರುವುದಿಲ್ಲ.

ಮೇಲಿನ ಪ್ರಕರಣದ ಲೆಕ್ಕವನ್ನೇ ಈಗಿನ ದರದಲ್ಲಿ ನೋಡೋಣ. ಬಿಲ್ಲಿನೊಡನೆ ಖರೀದಿಸಿದ್ದರೆ ರೂ. 32,000ದ ಮೇಲೆ ತೆರಿಗೆ ರೂ. 5,760, ಮಾರಿದಾಗ ರೂ. 40,000ದ ಮೇಲೆ ರೂ. 7,200. ಕ್ರೆಡಿಟ್ ಕಳೆದು ಸರ್ಕಾರಕ್ಕೆ ಕಟ್ಟಬೇಕಾದದ್ದು ರೂ. 1,440 ಮಾತ್ರ. ಲಾಭ ರೂ. 8,000 ಹಾಗೆಯೇ ಉಳಿಯುತ್ತದೆ. ಬಿಲ್ಲಿಲ್ಲದೆ ಮಾರಿ ವಂಚನೆಯೆಂದು ಸಾಬೀತಾದರೆ ತೆರಿಗೆ ರೂ. 7,200, ಅಷ್ಟೇ ದಂಡ ರೂ. 7,200, ಒಟ್ಟು ರೂ. 14,400, ಜೊತೆಗೆ ಬಡ್ಡಿ. ಖರೀದಿಯ ಬಿಲ್ಲಿಲ್ಲದ್ದರಿಂದ ಕ್ರೆಡಿಟ್ಟೂ ಇಲ್ಲ. ಬಿಲ್ಲಿಲ್ಲದ ವ್ಯಾಪಾರದಲ್ಲಿ ವರ್ತಕನಿಗೆ ಉಳಿಯುವುದು ಅಪಾಯ ಮಾತ್ರ. ಅಗ್ಗದ ಲಾಭ ಗಿರಾಕಿಯ ಪಾಲಿಗೆ.

ಈ ವ್ಯಾಪಾರದಲ್ಲಿ ಪದೇಪದೇ ಎಡವುವ ಇನ್ನು ಕೆಲವು ಅಂಶಗಳು ಹೀಗಿವೆ.

ಅ) ಸರಕನ್ನು ಮಾತ್ರ ಮಾರುವವರಿಗೆ ನಮ್ಮ ರಾಜ್ಯದಲ್ಲಿ ನೋಂದಣಿಯ ಮಿತಿ ವಾರ್ಷಿಕ ರೂ. 40 ಲಕ್ಷ. ಜೋಡಣೆಯ ಕೂಲಿ ಪಡೆದರೆ ಅದು ಸೇವೆ. ಆಗ ಮಿತಿ ರೂ. 20 ಲಕ್ಷ. ಇದನ್ನರಿಯದೆ ಅನೇಕರು ನೋಂದಣಿಯಿಲ್ಲದೆ ಉಳಿದಿದ್ದಾರೆ.

ಆ) ರಾಜಿ ತೆರಿಗೆ ಪದ್ಧತಿಯಲ್ಲಿರುವ ವರ್ತಕರು ಶೇ. 1 ಕಟ್ಟಿದರೆ ಸಾಕು. ಆದರೆ ಸೇವೆಯ ಮೊತ್ತ ಹಿಂದಿನ ವರ್ಷದ ವಹಿವಾಟಿನ ಶೇ. 10 ಅಥವಾ ರೂ. 5 ಲಕ್ಷ, ಇವುಗಳಲ್ಲಿ ಹೆಚ್ಚಿನದನ್ನು ಮೀರಬಾರದು.

ಇ) ಮಾಲಿನ ಬೆಲೆಯನ್ನೂ ಕೂಲಿಯನ್ನೂ ಬಿಲ್ಲಿನಲ್ಲಿ ಬೇರೆಬೇರೆಯಾಗಿ ತೋರಿಸಿದರೆ ಆಯಾ ದರದಂತೆ ತೆರಿಗೆ ಎಂದು 2018ರ ಜೂನ್ 8ರ ಕೇಂದ್ರ ಮಂಡಳಿಯ ಸುತ್ತೋಲೆ ಹೇಳಿದೆ. ಈಗ ದರ ಒಂದೇ ಆದರೂ ಈ ಅಭ್ಯಾಸ ಬಿಡುವುದು ಬೇಡ.

ಈ) ಹಳೆಯ ಚಕ್ರಗಳನ್ನು ರೂ. 6,000ಕ್ಕೆ ವಿನಿಮಯವಾಗಿ ಪಡೆದು ಗಿರಾಕಿಯಿಂದ ರೂ. 34,000 ತೆಗೆದುಕೊಂಡರೂ ತೆರಿಗೆ ಬೀಳುವುದು ರೂ. 40,000ದ ಪೂರ್ಣ ಮೌಲ್ಯದ ಮೇಲೆ. ಆ ಹಳೆಯ ಚಕ್ರಗಳನ್ನು ಇದ್ದಂತೆಯೇ ರೂ. 7,500ಕ್ಕೆ ಮಾರಿದರೆ, ಖರೀದಿಯ ಕ್ರೆಡಿಟ್ ಪಡೆದಿರದ ಪಕ್ಷದಲ್ಲಿ, ರೂ. 1,500ರ ಅಂತರದ ಮೇಲೆ ಮಾತ್ರ ತೆರಿಗೆ: ರೂ. 270.

ಉ) ಬೆಂಗಳೂರು, ಹೈದರಾಬಾದುಗಳಿಂದ ತರಿಸುವ ಮಾಲು ರೂ. 50,000 ಮೀರಿದರೆ ಇ-ವೇ ಬಿಲ್ಲು ಬೇಕು. ದಾರಿಯಲ್ಲಿ ಸಿಕ್ಕಿಬಿದ್ದರೆ ಮಾಲೀಕರು ಮುಂದೆ ಬಂದಾಗಲೂ ತೆರಿಗೆಯ ಎರಡರಷ್ಟು ದಂಡ.

ವಿಮೆಯನ್ನು ಮರೆಯಬಾರದು

ಕಾರಿನ ಮೂಲ ಬೆಲೆಯಲ್ಲಿ ಸೇರಿರದ ಅಲಾಯ್ ಚಕ್ರ, ದೀಪಗಳನ್ನು ವಿಮಾ ಕಂಪನಿಗೆ ತಿಳಿಸಿ ಪಾಲಿಸಿಯಲ್ಲಿ ಸೇರಿಸಬೇಕು. ವಿದ್ಯುತ್ ಉಪಕರಣಗಳಿಗೆ ಐ.ಎಂ.ಟಿ. 24 ಎಂಬ ಹಿಂಬರಹವಿದೆ. ಚಕ್ರಗಳನ್ನು ಇತರ ಉಪಕರಣಗಳಾಗಿ ಮೌಲ್ಯ ಸಹಿತ ತೋರಿಸಬೇಕು. ಸೇರಿಸದಿದ್ದರೆ ಚಕ್ರ ಕಳವಾದರೂ ಮುರಿದರೂ ಅವುಗಳ ಬೆಲೆ ಸಿಗುವುದು ಕಷ್ಟ. ಸೇರಿಸಲು ಕಂಪನಿ ಕೇಳುವ ಮೊದಲ ಕಾಗದವೇ ಬಿಲ್ಲು. ಬಿಲ್ಲು ಬೇಡವೆನ್ನುವ ಗಿರಾಕಿಗೆ ಈ ಮಾತು ಹೇಳಿದರೆ ಆತ ತಾನಾಗಿಯೇ ಬಿಲ್ಲು ಕೇಳುತ್ತಾನೆ.

ಅಂಗಡಿಯಲ್ಲಿ ಪಾಲಿಸಬೇಕಾದ ಕ್ರಮಗಳು

1. ತಯಾರಕರ ಹೆಸರು, ಗಾತ್ರ, ಇ.ಟಿ., ಹೊರುವ ಭಾರ ಅಚ್ಚಾಗಿರದ ಚಕ್ರವನ್ನು ದಾಸ್ತಾನಿಗೆ ಸೇರಿಸಬೇಡಿ. ಅನ್ವಯವಾಗುವ ಮಾಲಿಗೆ ಐ.ಎಸ್.ಐ. ಗುರುತನ್ನು ನೋಡಿರಿ.

2. ಖರೀದಿ ಬಿಲ್ಲು ಜಿ.ಎಸ್.ಟಿ.ಆರ್. 2ಬಿ ಪಟ್ಟಿಯಲ್ಲಿ ಬಂದಿದೆಯೇ ಎಂಬುದನ್ನು ಪ್ರತಿ ತಿಂಗಳು ತಾಳೆ ನೋಡಿರಿ.

3. ಮಾರಾಟದ ಬಿಲ್ಲಿನಲ್ಲಿ ಕಾರಿನ ನೋಂದಣಿ ಸಂಖ್ಯೆ, ಮಾದರಿ, ವರ್ಷ, ಚಕ್ರದ ಪೂರ್ಣ ಅಳತೆ, ಬೋಲ್ಟಿನ ಬಗೆ ಇವನ್ನು ಬರೆಯಿರಿ.

4. ಜೋಡಣೆಗೆ ಒಂದು ಪ್ರತ್ಯೇಕ ರಿಜಿಸ್ಟರ್ ಇಡಿ. ಬಿಗಿದ ಟಾರ್ಕ್, ಫಿಟ್ಟರನ ಸಹಿ, 100 ಕಿಲೋಮೀಟರಿನ ಬಳಿಕ ಮರುಪರೀಕ್ಷೆಗೆ ಬಂದ ದಿನಾಂಕ ಅದರಲ್ಲಿರಲಿ. ಗಿರಾಕಿ ಮರುಪರೀಕ್ಷೆಗೆ ಬಾರದಿದ್ದರೆ ಫೋನ್ ಮಾಡಿದ್ದನ್ನೂ ನಮೂದಿಸಿರಿ.

5. ಹೆಡ್‌ಲೈಟ್ ಬದಲಿಸಿದ ಪ್ರತಿ ಕಾರನ್ನೂ ಗೋಡೆಯ ಮುಂದೆ ನಿಲ್ಲಿಸಿ ಓರೆ ನೋಡಿಯೇ ಕಳಿಸಿರಿ. ಮಾನದಂಡಕ್ಕೆ ಹೊಂದದ ಬಲ್ಬನ್ನು ಗಿರಾಕಿ ಎಷ್ಟು ಒತ್ತಾಯಿಸಿದರೂ ಹಾಕಬೇಡಿ.

ಕೊನೆಯ ಮಾತು

ನೋಟಿಸು ಹಿಡಿದು ಬಂದಿದ್ದ ನನ್ನ ಕಕ್ಷಿದಾರರು ಈ ವ್ಯಾಪಾರವನ್ನು ಬಿಡಲಿಲ್ಲ. ಒಂದು ಟಾರ್ಕ್ ರೆಂಚ್ ಕೊಂಡರು. ಗೋಡೆಗೆ ಸುಣ್ಣ ಬಳಿಸಿ ಅಳತೆಯ ಗೆರೆ ಎಳೆಸಿದರು. ಹೆಸರಿಲ್ಲದ ಮಾಲನ್ನು ತರಿಸುವುದು ನಿಲ್ಲಿಸಿದರು. ಮೊದಲ ಕೆಲವು ತಿಂಗಳು ಗಿರಾಕಿಗಳು ಬೆಲೆ ಹೆಚ್ಚೆಂದು ಪಕ್ಕದ ಅಂಗಡಿಗೆ ಹೋದದ್ದುಂಟು. ಈಗ ದೂರದ ಹಳ್ಳಿಗಳ ಮಾಲೀಕರೂ ಚಕ್ರ ಬೇರೆಡೆ ಕೊಂಡರೂ ಬೋಲ್ಟು ಬಿಗಿಸಲು ಅವರಲ್ಲಿಗೇ ಬರುತ್ತಾರೆ ಎಂದು ಮೊನ್ನೆ ಲೆಕ್ಕ ಕೊಡಲು ಬಂದಾಗ ಹೇಳಿದರು. ಕೂಲಿಯ ಆದಾಯವೇ ಅವರನ್ನು ರಾಜಿ ತೆರಿಗೆಯ ಸೇವಾ ಮಿತಿಯ ಹತ್ತಿರಕ್ಕೆ ತಂದಿದೆ. ಬರುವ ವರ್ಷ ಸಾಮಾನ್ಯ ಪದ್ಧತಿಗೆ ಬದಲಾಗಬೇಕೆಂದು ನಾನು ಸಲಹೆ ಕೊಟ್ಟಿದ್ದೇನೆ.

ನಮ್ಮ ಮೂರೂ ಪಟ್ಟಣಗಳ ಸದಸ್ಯರು ತಮ್ಮಲ್ಲಿರುವ ದಾಸ್ತಾನನ್ನು ಮೇಲಿನ ಅಂಶಗಳಿಗೆ ಹೋಲಿಸಿ ಒಮ್ಮೆ ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ. ಗುರುತಿಲ್ಲದ ಚಕ್ರಗಳು ಇದ್ದರೆ ಅವುಗಳನ್ನು ಮಾರಾಟದ ಸಾಲಿನಿಂದ ಇಂದೇ ತೆಗೆದಿಡುವುದು ಒಳಿತು. ಆ ನಷ್ಟ ಒಂದು ಬಾರಿಯದು, ಲೆಕ್ಕಕ್ಕೆ ಸಿಗುವಂಥದು.